ಬೆಂಗಳೂರು ಟಿ2 ಸೆಕ್ಯುರಿಟಿ ಚೆಕ್: ಸ್ಕ್ಯಾನರ್‌ಗಿಂತ ಟ್ರೇಗೇ ಜಾಸ್ತಿ ಮಾರ್ಕ್ಸ್

ಕೆಂಪೇಗೌಡ ವಿಮಾನ ನಿಲ್ದಾಣದ ಟಿ2, ಅಂದರೆ ಎರಡನೇ ಟರ್ಮಿನಲ್, ಅಂದ ತಕ್ಷಣ ಎಲ್ಲರೂ ಬಿದಿರಿನ ಚಾವಣಿ, ನೇತಾಡುವ ಗಿಡಗಳ ಫೋಟೊ ಹಾಕುತ್ತಾರೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಬೆಳಗಿನ ಜಾವದ ಫ್ಲೈಟ್ ಹಿಡಿಯುವವರಿಗೆ ಗಿಡ ನೋಡುವ ಪುರುಸೊತ್ತು ಎಲ್ಲಿ? ಸೆಕ್ಯುರಿಟಿ ಸಾಲು ಬೇಗ ಸಾಗುತ್ತಾ ಅನ್ನೋದೇ ಚಿಂತೆ. ಈ ರಿವ್ಯೂ ಅದರ ಬಗ್ಗೆ ಮಾತ್ರ.

ನನ್ನ ಪ್ರಕಾರ ಅಲ್ಲಿ ನಿಜವಾಗಿ ಗೆದ್ದಿರುವುದು ಆಟೋಮ್ಯಾಟಿಕ್ ಟ್ರೇ. ಹಳೇ ಪದ್ಧತಿಯಲ್ಲಿ ರೋಲರ್ ಮೇಲೆ ಒಬ್ಬರ ಹಿಂದೆ ಒಬ್ಬರು ಟ್ರೇ ತಳ್ಳಬೇಕಿತ್ತು, ಮುಂದಿನವರು ಬೆಲ್ಟ್ ಬಿಚ್ಚಿ, ಜೇಬಿನ ಚಿಲ್ಲರೆ ಹುಡುಕಿ, ಮತ್ತೆ ನೆನಪಾಗಿ ವಾಚ್ ತೆಗೆಯುವ ತನಕ ಹಿಂದಿನವರೆಲ್ಲ ಸುಮ್ನೆ ನಿಂತಿರಬೇಕು. ಈಗ ಹಲವರು ಅಕ್ಕಪಕ್ಕ ನಿಂತು ಒಟ್ಟಿಗೇ ಟ್ರೇ ತುಂಬಬಹುದು. ನಿಮ್ಮದು ತುಂಬಿತಾ, ತಳ್ಳಿ, ಅದು ಖಾಲಿ ಜಾಗ ನೋಡಿಕೊಂಡು ಬೆಲ್ಟ್ ಸೇರುತ್ತದೆ. ಖಾಲಿ ಟ್ರೇಗಳು ಕೆಳಗಿನಿಂದ ತಾವೇ ವಾಪಸ್ ಬರುತ್ತವೆ. ಅನುಮಾನ ಬಂದ ಟ್ರೇ ಪಕ್ಕದ ಹಾದಿಗೆ ಹೊರಳುತ್ತದೆ, ಉಳಿದವು ನಿಲ್ಲದೆ ಹೋಗುತ್ತವೆ. ನಿಮ್ಮ ಬ್ಯಾಗ್ ಆ ಕಡೆ ಹೊರಳಿದರೆ ಎದೆ ಒಮ್ಮೆ ಡವಗುಟ್ಟುತ್ತದೆ, ಅದು ಬೇರೆ ಮಾತು!

ಎಲ್ಲರೂ ಮಾತಾಡೋದು ಸಿಟಿ ಸ್ಕ್ಯಾನರ್ ಬಗ್ಗೆ. 2023ರ ಕೊನೆಗೆ ಟಿ2ನಲ್ಲಿ ಅದರ ಪ್ರಯೋಗದ ಸುದ್ದಿ ಬಂದಿತ್ತು. ಆಸ್ಪತ್ರೆಯಲ್ಲಿರುವ ಸಿಟಿಯ ತತ್ವವೇ: ಎಕ್ಸ್‌ರೇ ಬ್ಯಾಗಿನ ಸುತ್ತ ತಿರುಗಿ ಮೂರು ಆಯಾಮದ ಚಿತ್ರ ಕೊಡುತ್ತದೆ. ಹಳೇ ಯಂತ್ರದಲ್ಲಿ ಚಪ್ಪಟೆ ಚಿತ್ರ, ಲ್ಯಾಪ್‌ಟಾಪ್ ಬ್ಯಾಟರಿ ಅಡಿಯಲ್ಲಿ ಏನಿದ್ದರೂ ಮರೆಯಾಗುತ್ತಿತ್ತು. ಅದಕ್ಕೇ ಹೊರಗೆ ತೆಗೆಸುತ್ತಿದ್ದರು. ಸಿಟಿ ಇದ್ದರೆ ಆ ಗೋಳಿಲ್ಲ. ಆದರೆ ಎಲ್ಲ ಊರಲ್ಲೂ, ಎಲ್ಲ ಸಾಲಲ್ಲೂ ಒಂದೇ ನಿಯಮ ಅಂದುಕೊಳ್ಳಬೇಡಿ, ಎದುರಿಗಿರುವ ಸಿಐಎಸ್‌ಎಫ್ ಸಿಬ್ಬಂದಿ ಹೇಳಿದ್ದೇ ಫೈನಲ್. ಯಂತ್ರ ಹೊಸದಾದ ಮಾತ್ರಕ್ಕೆ ನಿಯಮ ಬದಲಾಗಲ್ಲ, 2006ರಲ್ಲಿ ಲಂಡನ್‌ನಲ್ಲಿ ದ್ರವ ಬಾಂಬ್ ಸಂಚು ಸಿಕ್ಕಿಬಿದ್ದ ಮೇಲೆ ಬಂದ, ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ದ್ರವ ಒಯ್ಯುವಂತಿಲ್ಲ ಅನ್ನುವ ಕಟ್ಟಳೆಯನ್ನೇ ನೋಡಿ. ಸಿಟಿ ಯಂತ್ರ ಬಂದಿದೆ ಅಂತ ಅದನ್ನು ಸಡಿಲಿಸಿದ್ದ ಕೆಲವು ಬ್ರಿಟಿಷ್ ನಿಲ್ದಾಣಗಳು 2024ರ ಜೂನ್‌ನಲ್ಲಿ ಮತ್ತೆ ಜಾರಿಗೆ ತರಬೇಕಾಯಿತು.

ಇನ್ನು ಚೆಕ್-ಇನ್ ಲಗೇಜ್. ಮೊದಲೆಲ್ಲ ಕೌಂಟರ್‌ಗೆ ಹೋಗುವ ಮುಂಚೆಯೇ ಸೂಟ್‌ಕೇಸ್ ಎಕ್ಸ್‌ರೇ ಮಾಡಿಸಿ, ಪ್ಲಾಸ್ಟಿಕ್ ಪಟ್ಟಿ ಹಾಕಿಸಿಕೊಂಡು ಬರಬೇಕಿತ್ತು, ನೆನಪಿದೆಯಾ? ಈಗ ಕೊಟ್ಟು ಹೊರಟರಾಯಿತು. ತಪಾಸಣೆ ಎಲ್ಲ ನಮ್ಮ ಕಣ್ಣಿಗೆ ಬೀಳದ ಬೆಲ್ಟ್ ಮೇಲೆ. ಮೊದಲ ಯಂತ್ರ ತಾನೇ ತೀರ್ಮಾನಿಸುತ್ತದೆ, ಅನುಮಾನ ಬಂದರೆ ಚಿತ್ರ ಮನುಷ್ಯರ ಮುಂದೆ ಬರುತ್ತದೆ. ಅವರಿಗೂ ಸಮಾಧಾನವಾಗದಿದ್ದರೆ ಕೊನೆಗೆ ನಿಮ್ಮನ್ನು ಕರೆಸಿ ಬ್ಯಾಗ್ ತೆರೆಸುತ್ತಾರೆ.

ಹಾಗೆ ಕರೆಸಿಕೊಂಡ ಅನುಭವ ನನಗಾಗಿದೆ, ಇಲ್ಲಲ್ಲ, ಬೇರೆ ಕಡೆ, ಹೆಸರು ಬೇಡ. ಗೇಟ್ ಹತ್ತಿರ ಕೂಗಿದ್ದು ಅರ್ಥವೇ ಆಗಲಿಲ್ಲ. ಓಡಿಹೋಗಿ ನೋಡಿದರೆ ತಕರಾರು ಕೊಬ್ಬರಿಯದ್ದು. ಅಮ್ಮ ಬಟ್ಟೆ ಮಧ್ಯೆ ಸುತ್ತಿಟ್ಟಿದ್ದ ಗಿಟುಕನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದರು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಚೆಕ್-ಇನ್ ಬ್ಯಾಗ್‌ನಲ್ಲಿ ನಿಷೇಧ. ನಿಯಮ ಸರಿಯೇ ಇದೆ. ಆದರೆ ತಿಪಟೂರು ಕಡೆಯವರು ಊರಿಗೆ ಹೋಗಿಬಂದರೆ ಕೊಬ್ಬರಿ ಇಲ್ಲದ ಬ್ಯಾಗ್ ಇರುತ್ತಾ? ಕೌಂಟರ್‌ನಲ್ಲಿ ಪವರ್ ಬ್ಯಾಂಕ್ ಇದೆಯಾ ಅಂತ ಕೇಳುತ್ತಾರಲ್ಲ, ಅದರ ಜೊತೆಗೇ ಕೊಬ್ಬರಿ ಇದೆಯಾ ಅಂತ ಕನ್ನಡದಲ್ಲಿ ಒಂದು ಮಾತು ಕೇಳಿದರೆ ಕೆಳಗಿನ ಯಂತ್ರಗಳಿಗೂ ಅರ್ಧ ಕೆಲಸ ಉಳಿಯುತ್ತೆ.