ಹಳೆಯ ಮ್ಯಾಸಿಯ ಲಿಫ್ಟ್: ಕಿಟ್ ಹಾಕಿಸುವುದೋ, ಬದಲಿ ಪಂಪ್ ತರುವುದೋ, ಹೊಸದನ್ನೇ ಕೊಳ್ಳುವುದೋ

ಹಾಸನ, ಬೇಲೂರು, ಅರಸೀಕೆರೆ ಕಡೆಯ ಹೊಲಗಳಲ್ಲಿ ಇಂದಿಗೂ ದುಡಿಯುತ್ತಿರುವ ಮ್ಯಾಸಿ ಫರ್ಗುಸನ್ 35 ಮತ್ತು ಹಳೆಯ 1035 ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್ ಗಟ್ಟಿಯಾಗಿಯೇ ಇದ್ದು, ಹಿಂದೆ ಕಟ್ಟಿದ ಉಪಕರಣವನ್ನು ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಲಿಫ್ಟ್ ಮೊದಲು ಕೈಕೊಡುವುದು ಸಾಮಾನ್ಯ. ಕಲ್ಟಿವೇಟರ್ ಏಳದಿದ್ದರೆ ‘ಪಂಪ್ ಹೋಗಿದೆ’ ಎಂಬ ತೀರ್ಮಾನ ಕೂಡಲೇ ಬಂದುಬಿಡುತ್ತದೆ. ನಮ್ಮ ಮನೆಯ 35ರಲ್ಲಿ ಮತ್ತು ಜಾವಗಲ್ ಹತ್ತಿರವಿರುವ ಭಾವನವರ 1035ರಲ್ಲಿ ಬೇರೆ ಬೇರೆ ಕಾಲಕ್ಕೆ ಎಲ್ಲ ಬಗೆಯ ರಿಪೇರಿಯನ್ನೂ ಮಾಡಿಸಿ ನೋಡಿರುವುದರಿಂದ, ಯಾವುದು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು ಎಂಬುದನ್ನು ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ.

ಈ ಪಂಪ್ ಹೊರಗೆ ಕಾಣುವಂಥದ್ದಲ್ಲ. ಹಿಂದಿನ ಹೌಸಿಂಗ್‌ನೊಳಗೆ ಗೇರ್ ಎಣ್ಣೆಯಲ್ಲೇ ಮುಳುಗಿದ್ದು, ಎಂಜಿನ್ ಶಕ್ತಿಯನ್ನು ಹಿಂದಿನ ಯಂತ್ರಗಳಿಗೆ ಒಯ್ಯುವ ಪಿಟಿಓ ಶಾಫ್ಟ್‌ನಿಂದ ತಿರುಗುವ ನಾಲ್ಕು ಪಿಸ್ಟನ್‌ಗಳ ಪಂಪ್ ಇದು. ಎಣ್ಣೆಯನ್ನು ಒಳಗೆ ಬಿಡುವ ಮತ್ತು ಲಿಫ್ಟ್ ಇಳಿಯುವಾಗ ಹೊರಗೆ ಬಿಡುವ ಕಂಟ್ರೋಲ್ ವಾಲ್ವ್ ಕೂಡ ಪಂಪಿನಲ್ಲೇ ಇದೆ. ನಾನು ಕಂಡಂತೆ ಈ ಪಂಪಿನ ತೊಂದರೆಗಳಲ್ಲಿ ದೊಡ್ಡ ಪಾಲು ಈ ವಾಲ್ವಿನದೇ.

ಯಾವ ರಿಪೇರಿ ಬೇಕು ಎನ್ನುವುದನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ಬಹುಮಟ್ಟಿಗೆ ತಿಳಿಯಬಹುದು. ಉಳುಮೆಯ ಎಳೆತಕ್ಕೆ ತಕ್ಕಂತೆ ಆಳ ಹೊಂದಿಸುವ ಡ್ರಾಫ್ಟ್ ಲಿವರ್ ಅನ್ನು ಮೇಲಿಟ್ಟು, ಉಪಕರಣವನ್ನು ಬೇಕಾದ ಎತ್ತರಕ್ಕೆ ನಿಲ್ಲಿಸುವ ಪೊಸಿಷನ್ ಲಿವರ್‌ನಿಂದ ಕಲ್ಟಿವೇಟರ್ ಎತ್ತಿ, ಯಾರೂ ಅದರ ಕೆಳಗೆ ಹೋಗದಂತೆ ನೋಡಿಕೊಂಡು ಎಂಜಿನ್ ನಿಲ್ಲಿಸಬೇಕು. ಭಾರ ಬೇಗನೆ ಕೆಳಗಿಳಿದರೆ ಎತ್ತಿದ ಎಣ್ಣೆ ಎಲ್ಲೋ ಸೋರುತ್ತಿದೆ ಎಂದರ್ಥ: ಲಿಫ್ಟ್ ಸಿಲಿಂಡರಿನ ಪಿಸ್ಟನ್ ಸೀಲ್, ಪಂಪಿನಿಂದ ಮೇಲಕ್ಕೆ ಹೋಗುವ ಪೈಪಿನ ಓ-ರಿಂಗ್, ಇಲ್ಲವೇ ಕಂಟ್ರೋಲ್ ವಾಲ್ವ್. ಎಂಜಿನ್ ಓಡುವಾಗ ತೋಳುಗಳು ಸ್ವಲ್ಪ ಇಳಿದು ಮತ್ತೆ ಏರುತ್ತಾ ಕುಣಿಯುವುದೂ ಇದೇ ಸೋರಿಕೆಯಿಂದ. ಭಾರ ಚೆನ್ನಾಗಿ ನಿಂತು, ಏಳುವಾಗ ಮಾತ್ರ ತಿಣುಕಿದರೆ ಆಗ ಪಂಪಿನ ಪಿಸ್ಟನ್ ಮತ್ತು ಒಳವಾಲ್ವುಗಳನ್ನು ಸಂಶಯಿಸಬೇಕು. ಏಳುವುದೂ ಇಲ್ಲ, ಎದ್ದದ್ದು ಇಳಿಯುವುದೂ ಇಲ್ಲ ಎಂದಾದರೆ ಕಂಟ್ರೋಲ್ ವಾಲ್ವ್ ಹಿಡಿದುಕೊಂಡಿರುವ ಸಾಧ್ಯತೆಯೇ ಹೆಚ್ಚು.

ಮೊದಲ ದಾರಿ ಅತ್ಯಂತ ಅಗ್ಗದ್ದು: ಎಣ್ಣೆ ಬದಲಿಸಿ ವಾಲ್ವನ್ನು ಸಡಿಲಿಸುವುದು. ನಮ್ಮ ಕಡೆ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಬಯಲಲ್ಲೇ ನಿಂತರೆ ಗೇರ್ ಲಿವರಿನ ಹರಿದ ರಬ್ಬರ್ ಕವಚದ ಮೂಲಕ ನೀರು ಇಳಿಯುತ್ತದೆ. ಡ್ರೇನ್ ಬೋಲ್ಟ್ ಬಿಚ್ಚಿದಾಗ ಮೊದಲು ನೀರು, ಆಮೇಲೆ ಹಾಲು ಹೆಚ್ಚಾದ ಕಾಫಿಯಂಥ ಎಣ್ಣೆ ಬಂತೆಂದರೆ ಒಳಗಿನ ವಾಲ್ವಿಗೆ ತುಕ್ಕು ಹಿಡಿದಿರುವುದು ಬಹುತೇಕ ಖಚಿತ. ಸೈಡ್ ಕವರ್ ತೆಗೆದು, ಎಂಜಿನ್ ನಿಂತಿರುವಾಗಲೇ ಕೈ ಹಾಕಿ ವಾಲ್ವಿನ ಲಿವರನ್ನು ಹಿಂದೆ ಮುಂದೆ ಆಡಿಸಬೇಕು; ಮೊದಲು ಕಲ್ಲಿನಂತೆ ಬಿಗಿಯಾಗಿದ್ದದ್ದು ಡೀಸೆಲ್ ಹಾಕಿ ತೊಳೆದ ಮೇಲೆ ನಿಧಾನವಾಗಿ ಜಾರತೊಡಗುತ್ತದೆ. ನಮ್ಮ 35 ಇಷ್ಟಕ್ಕೇ ಸರಿಹೋಗಿ, ಆ ವರ್ಷದ ಆಲೂಗಡ್ಡೆ ಬಿತ್ತನೆ ಪೂರ್ತಿ ಮುಗಿಸಿಕೊಟ್ಟಿತು. ಸುಮಾರು 30 ಲೀಟರ್ ಎಣ್ಣೆ ಬೇಕಾಗುವುದರಿಂದ ಇದು ಖರ್ಚಿಲ್ಲದ ಕೆಲಸವೇನಲ್ಲ, ಆದರೆ ಮುಂದಿನ ಯಾವ ರಿಪೇರಿಗೂ ಹೊಸ ಎಣ್ಣೆ ಹೇಗೂ ಬೇಕೇ ಬೇಕು. ತುಕ್ಕು ತಿಂದು ವಾಲ್ವಿನ ಮೇಲೆ ಗುಳಿ ಬಿದ್ದಿದ್ದರೆ ಮಾತ್ರ ಈ ಉಪಾಯ ಬಹಳ ದಿನ ನಿಲ್ಲುವುದಿಲ್ಲ.

ಎರಡನೆಯದು ಲಿಫ್ಟ್ ಕವರ್ ಇಳಿಸಿ ಸಿಲಿಂಡರಿನ ಸೀಲ್ ಮತ್ತು ಪೈಪಿನ ಓ-ರಿಂಗ್‌ಗಳನ್ನಷ್ಟೇ ಬದಲಿಸುವುದು. ಭಾರ ನಿಲ್ಲದ ಗಾಡಿಗೆ ಇದು ಸರಿಯಾದ ಮದ್ದು. ಏಳಲು ತಿಣುಕುವ ಗಾಡಿಗೆ ಇದರಿಂದ ಏನೂ ಆಗುವುದಿಲ್ಲ.

ನಿಜವಾದ ಪೈಪೋಟಿ ಇರುವುದು ಹಳೆಯ ಪಂಪಿಗೆ ಕಿಟ್ (ಸವೆಯುವ ಒಳಭಾಗಗಳ ಹೊಸ ಸೆಟ್) ಹಾಕಿಸುವುದಕ್ಕೂ, ನಮ್ಮ ಹಳೆಯದನ್ನು ಕೊಟ್ಟು ಅಂಗಡಿಯಿಂದ ತರುವ, ರಿಪೇರಿಯಾದ ಬದಲಿ ಪಂಪಿಗೂ ನಡುವೆ. ಎರಡಕ್ಕೂ ಬಿಚ್ಚುವ ಶ್ರಮ ಒಂದೇ: ಚೈನ್ ಬ್ಲಾಕ್‌ನಿಂದ ಕವರ್ ಎತ್ತಬೇಕು, ಪಿಟಿಓ ಶಾಫ್ಟನ್ನು ಹಿಂದಕ್ಕೆಳೆಯಬೇಕು, ಎರಡೂ ಬದಿಯ ಪಿನ್ ತೆಗೆದು ಪಂಪನ್ನು ಮೇಲಿನಿಂದ ಹೊರತೆಗೆಯಬೇಕು. ಭಾವನವರು ಕೆಲಸ ಬೇಗ ಆಗಲೆಂದು ಬದಲಿ ಪಂಪ್ ತಂದರು. ಹೊರಗೆ ಹೊಸ ಬಣ್ಣ ಹೊಡೆದು ಅಚ್ಚುಕಟ್ಟಾಗಿದ್ದ ಆ ಪಂಪ್ ಕೆಲವೇ ತಿಂಗಳಲ್ಲಿ ಕುಣಿಯತೊಡಗಿತು. ಬಿಚ್ಚಿ ನೋಡಿದಾಗ ಸೀಲುಗಳೇನೋ ಹೊಸವೇ ಇದ್ದವು, ಆದರೆ ಅವುಗಳ ನಡುವೆ ಓಡಾಡುವ ಕಂಟ್ರೋಲ್ ವಾಲ್ವ್ ಹಳೆಯದಾಗಿದ್ದು, ಅದರ ಉದ್ದಕ್ಕೂ ಉಗುರಿಗೆ ಸಿಗುವಂಥ ಗೀರುಗಳಿದ್ದವು. ಇದಕ್ಕಿಂತ ನನಗೆ ಬೇಸರವಾದದ್ದು, ಅವರು ಕೊಟ್ಟುಬಂದ ಮೂಲ ಪಂಪಿನ ಬಾಡಿ ಮತ್ತು ಪಿಸ್ಟನ್ನುಗಳನ್ನು ಆಡಿಸುವ ಕ್ಯಾಮ್ ಶಾಫ್ಟ್ ಚೆನ್ನಾಗಿದ್ದದ್ದು. ಒಮ್ಮೆ ಕೈಬಿಟ್ಟ ಅಂಥ ಬಾಡಿ ಮತ್ತೆ ನಮ್ಮ ಕೈಗೆ ಬರುವುದಿಲ್ಲ.

ನಮ್ಮ 35ರ ಪಂಪನ್ನು ಮುಂದೆ ಬಿಚ್ಚಲೇಬೇಕಾಗಿ ಬಂದಾಗ ಹಾಸನದ ಮೆಕ್ಯಾನಿಕ್ ಒಬ್ಬರ ಹತ್ತಿರ ಕಿಟ್ ಹಾಕಿಸಿದೆ. ಅವರು ಪಂಪನ್ನು ನಮ್ಮೆದುರಿಗೇ ಬಿಡಿಸಿ, ಕ್ಯಾಮ್ ಶಾಫ್ಟ್ ಸವೆದಿದೆಯೇ, ಸಿಲಿಂಡರ್ ಗೋಡೆಗಳಲ್ಲಿ ಗೀರಿದೆಯೇ ಎಂದು ಬೆಳಕಿಗೆ ಹಿಡಿದು ತೋರಿಸಿದರು. ವಾಲ್ವ್, ಸ್ಪ್ರಿಂಗ್, ರಿಂಗ್, ಸೀಲುಗಳ ಜೊತೆಗೆ ಕಂಟ್ರೋಲ್ ವಾಲ್ವನ್ನೂ ಹೊಸದೇ ಹಾಕಿದರು. ಖರ್ಚು ಬದಲಿ ಪಂಪಿಗಿಂತ ಕಡಿಮೆಯೇ ಆಯಿತು. ಭಾರ ಎತ್ತಿ ಎಂಜಿನ್ ನಿಲ್ಲಿಸಿದರೆ ಈಗ ಕಲ್ಟಿವೇಟರ್ ಬಹಳ ಹೊತ್ತು ಕದಲುವುದಿಲ್ಲ. ಒಳಗೆ ಏನೇನು ಹೊಸದು, ಏನೇನು ಹಳೆಯದು ಎಂಬುದು ನಮಗೇ ಗೊತ್ತಿರುವುದು ಈ ದಾರಿಯ ದೊಡ್ಡ ಲಾಭವೆಂದು ನಾನು ತಿಳಿದಿದ್ದೇನೆ.

ಹೊಸ ಪಂಪ್ ಎಲ್ಲಕ್ಕಿಂತ ದುಬಾರಿ. ಭಾವನವರು ಕೊನೆಗೆ ಹಾಕಿಸಿದ್ದು ಅದನ್ನೇ, ಮತ್ತು ಅದು ತೊಂದರೆಯಿಲ್ಲದೆ ನಡೆಯುತ್ತಿದೆ. ಆದರೂ ಬಾಡಿ ಸೀಳಿರುವಾಗ ಅಥವಾ ಕ್ಯಾಮ್ ಶಾಫ್ಟ್ ತೀರಾ ಸವೆದಿರುವಾಗ ಮಾತ್ರ ಅಷ್ಟು ಹಣ ಹಾಕುವುದು ಸರಿಯೆಂಬುದು ನನ್ನ ಅಭಿಪ್ರಾಯ.

ಬದಲಿ ಪಂಪನ್ನು ನಾನು ಒಪ್ಪುವುದು ಒಂದೇ ಸಂದರ್ಭದಲ್ಲಿ. ಬಿತ್ತನೆಯ ಹದ ಬಂದಿದ್ದು ಕಿಟ್ ಸಿಗದೆ ತಡವಾಗುವಂತಿದ್ದರೆ ಅದನ್ನೇ ತರಬಹುದು. ಆಗ ಕಂಟ್ರೋಲ್ ವಾಲ್ವನ್ನು ಹೊರಗೆಳೆದು ತೋರಿಸುವಂತೆ ಅಂಗಡಿಯವರನ್ನು ಕೇಳಬೇಕು. ಸ್ವಲ್ಪ ಹೆಚ್ಚು ಹಣ ಕೇಳಿದರೂ ಕೊಟ್ಟು, ಹಳೆಯ ಪಂಪನ್ನು ಎಣ್ಣೆ ಸವರಿ ಚೀಲದಲ್ಲಿ ಕಟ್ಟಿ ಮನೆಗೇ ತರಬೇಕು. ಬೆಳೆ ಒಳಗೆ ಬಂದ ಮೇಲೆ ಅದಕ್ಕೆ ನಿಧಾನವಾಗಿ ಕಿಟ್ ಹಾಕಿಸಿಕೊಳ್ಳಬಹುದು.