ಹೊಟ್ಟೆಯ ಡಯಾಲಿಸಿಸ್, ರಕ್ತದ ಡಯಾಲಿಸಿಸ್: ಎರಡನ್ನೂ ಮಾಡಿಸಿಕೊಂಡವನ ಅನುಭವ

ಹಲವು ವರ್ಷ ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್, ಅಂದರೆ ಪೆರಿಟೋನಿಯಲ್ ಮಾಡಿಕೊಂಡೆ. ಈಗ ಆಸ್ಪತ್ರೆಯಲ್ಲಿ ರಕ್ತದ ಡಯಾಲಿಸಿಸ್, ಅಂದರೆ ರಕ್ತವನ್ನು ಯಂತ್ರದಲ್ಲಿ ಸೋಸಿ ಮತ್ತೆ ಮೈಗೆ ಬಿಡುವುದು. ಹೊಸಬರು ಮೊದಲು ಕೇಳುವುದೇ, ಯಾವುದರಲ್ಲಿ ಜಾಸ್ತಿ ವರ್ಷ ಬದುಕಬಹುದು ಅಂತ. ಒಟ್ಟಾರೆ ಆಯಸ್ಸಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮೊದಲ ಒಂದೆರಡು ವರ್ಷ ಪೆರಿಟೋನಿಯಲ್ ಸ್ವಲ್ಪ ಮುಂದಿರುತ್ತದೆ, ಆಮೇಲೆ ಆ ಅಂತರ ಉಳಿಯುವುದಿಲ್ಲ.

ಆದರೂ ಶುರುವಿಗೆ ನನ್ನ ಓಟು ಪೆರಿಟೋನಿಯಲ್‌ಗೇ. ಕಾರಣ ಮೂತ್ರ. ಉಳಿದಿರುವ ಅಷ್ಟಿಷ್ಟು ಕಿಡ್ನಿ ಕೆಲಸ ಇದರಲ್ಲಿ ಹೆಚ್ಚು ದಿನ ಬಾಳುತ್ತದೆ. ಬಾಯಾರಿದಾಗ ಇನ್ನೊಂದು ಲೋಟ ನೀರು ಕುಡಿಯುವ ಸುಖ ಏನು ಅಂತ ಈಗ ನನಗೆ ಚೆನ್ನಾಗಿ ಗೊತ್ತು. ದಿನಕ್ಕೆ 4 ಸಲ, ಸಲಕ್ಕೆ 2 ಲೀಟರ್ ದ್ರವವನ್ನು ಹೊಟ್ಟೆಯೊಳಗೆ ತುಂಬಿ, ಕೆಲವು ಗಂಟೆ ಬಿಟ್ಟು ಚೀಲಕ್ಕೆ ಹೊರತೆಗೆಯುತ್ತಿದ್ದೆ. ಹೊರಬಂದ ಚೀಲವನ್ನು ಪೇಪರ್ ಮೇಲಿಟ್ಟು ನೋಡುತ್ತಿದ್ದೆ. ಅಕ್ಷರ ಓದಲು ಬಂದರೆ ಸರಿ. ಮಬ್ಬಾಗಿದ್ದರೆ ಹೊಟ್ಟೆಯೊಳಗೆ ಸೋಂಕಿರಬಹುದು, ನಾಳೆ ನೋಡೋಣ ಅನ್ನುವಂತಿಲ್ಲ, ತಕ್ಷಣ ಫೋನ್ ಮಾಡಬೇಕು.

ಇದರ ಕೊರತೆ ನಿಧಾನಕ್ಕೆ ಗೊತ್ತಾಗುತ್ತದೆ. ದ್ರವದಲ್ಲಿ ಸಕ್ಕರೆ ಇರುವುದರಿಂದ ತೂಕ ಏರುತ್ತದೆ. ವರ್ಷಗಳು ಕಳೆದಂತೆ ಜರಡಿಯ ಹಾಗೆ ಸೋಸುವ ಹೊಟ್ಟೆಯೊಳಗಿನ ಪೊರೆ ಸೋಲುತ್ತದೆ. ನನಗೂ ಹಾಗೇ ಆಯಿತು. ನೀರು ಸರಿಯಾಗಿ ಹೊರಬರಲಿಲ್ಲ, ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತಿತ್ತು.

ರಕ್ತದ ಡಯಾಲಿಸಿಸ್ ವಾರಕ್ಕೆ 3 ಸಲ, ತಲಾ 4 ಗಂಟೆ. ಮನೆಗೆ ಬಂದ ಮೇಲೆ ಸುಮ್ನೆ ಮಲಗಬೇಕು ಅನ್ನಿಸುತ್ತದೆ. ನನಗೆ ಹೆದರಿಕೆ ಇರುವುದು ವಾರದ ಆ ಉದ್ದ ಬಿಡುವಿನ ಬಗ್ಗೆ. ಎರಡು ದಿನ ಡಯಾಲಿಸಿಸ್ ಇಲ್ಲದೆ ಹೋಗುವ ಆ ಅವಧಿಯ ಮರುದಿನ ಸಾವು, ಹೃದಯಾಘಾತ ಹೆಚ್ಚು ಅಂತ 2011ರಲ್ಲಿ ಅಮೆರಿಕದ ರೋಗಿಗಳ ಮೇಲಿನ ಅಧ್ಯಯನ ತೋರಿಸಿತು. ಆ ದಿನಗಳಲ್ಲಿ ಉಪ್ಪು, ನೀರು ಎರಡಕ್ಕೂ ಬಿಗಿ ಹಿಡಿತ ಬೇಕು.

ಇಲ್ಲಿ ಎಲ್ಲಕ್ಕಿಂತ ದೊಡ್ಡ ಆಸ್ತಿ ಕೈಯ ಫಿಸ್ಟುಲಾ, ಅಂದರೆ ಸೂಜಿ ಚುಚ್ಚಿ ರಕ್ತ ತೆಗೆಯಲು ಆಪರೇಷನ್ ಮಾಡಿ ಅಪಧಮನಿಗೆ ಜೋಡಿಸಿದ ಅಭಿಧಮನಿ. ಬೆಳಿಗ್ಗೆ ಎದ್ದ ಕೂಡಲೇ ಅದರ ಮೇಲೆ ಬೆರಳಿಡುತ್ತೇನೆ, ಜುಮ್ ಅನ್ನುವ ಕಂಪನ ಇದ್ದರೆ ನಿರಾಳ. ಅದು ಹದವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಪೊರೆ ಸೋಲುತ್ತಿದೆ ಅಂತ ಡಾಕ್ಟರು ಹೇಳಿದ ತಕ್ಷಣ ಮಾಡಿಸಿಕೊಂಡಿದ್ದರಿಂದ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಥೆಟರ್ ಅನ್ನುವ ಕೊಳವೆ ಬೇಕಾಗಲಿಲ್ಲ. ಅದರಿಂದ ಬರುವ ಸೋಂಕು ಜೀವಕ್ಕೇ ಅಪಾಯ.

ಹೀಮೋಡಯಾಫಿಲ್ಟ್ರೇಷನ್, ಅಂದರೆ ಹೆಚ್ಚುವರಿ ದ್ರವ ಹಾಯಿಸಿ ರಕ್ತವನ್ನು ಇನ್ನೂ ಚೆನ್ನಾಗಿ ಸೋಸುವ ರಕ್ತದ ಡಯಾಲಿಸಿಸ್, ಸಿಗುತ್ತದಾ ಅಂತಲೂ ನಿಮ್ಮ ಡಾಕ್ಟರನ್ನು ಕೇಳಿ. ಯುರೋಪಿನಲ್ಲಿ 1,360 ಜನರ ಮೇಲೆ ನಡೆದ ಕನ್ವಿನ್ಸ್ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಸುಮಾರು ಎರಡೂವರೆ ವರ್ಷದಲ್ಲಿ ಇದನ್ನು ಪಡೆದವರಲ್ಲಿ 17.3% ಜನ ತೀರಿಕೊಂಡರು, ಮಾಮೂಲಿ ವಿಧಾನದಲ್ಲಿ 21.9%. ಆದರೆ ಆ ಲಾಭಕ್ಕೆ ಪ್ರತಿ ಸಲ ಹೆಚ್ಚು ದ್ರವ ಹಾಯಿಸಬೇಕು. ಅಷ್ಟು ರಕ್ತದ ಹರಿವು ಕೊಡುವ ಒಳ್ಳೆಯ ಫಿಸ್ಟುಲಾ ಇದ್ದವರಿಗೆ ಅದು ಸುಲಭ.