ರನ್ನಿಂಗ್ ಪವರ್ ಮೀಟರ್ ಕೊಳ್ಳಬೇಕಾ? ಪೇಸ್, ಎದೆಪಟ್ಟಿ, ವಾಚಿನ ವ್ಯಾಟ್, ಫುಟ್‌ಪಾಡ್: ಒಂದು ಹೋಲಿಕೆ

ಸೈಕಲ್ಲಿನ ಪವರ್ ಮೀಟರ್ ಅಳೆಯುತ್ತದೆ. ಓಟದ ಪವರ್ ಮೀಟರ್ ಅಂದಾಜು ಕಟ್ಟುತ್ತದೆ. ಕೊಳ್ಳುವ ಮೊದಲು ತಲೆಯಲ್ಲಿರಬೇಕಾದ ಮಾತು ಇದು. ಸೈಕಲ್ಲಿನ ಪೆಡಲ್ ಅಥವಾ ಕ್ರ್ಯಾಂಕ್ ಒಳಗೆ ಸ್ಟ್ರೇನ್ ಗೇಜ್ ಇರುತ್ತದೆ. ತುಳಿದಾಗ ಲೋಹ ಎಷ್ಟು ಬಾಗಿತು ಎಂದು ನೋಡಿ ವ್ಯಾಟ್ ಹೇಳುತ್ತದೆ. ಓಟದಲ್ಲಿ ಬಾಗುವ ಲೋಹ ಎಲ್ಲಿದೆ? ಶೂಗೆ ಸಿಕ್ಕಿಸುವ ಪುಟ್ಟ ಸೆನ್ಸರ್, ಅಂದರೆ ಪಾಡ್ ಆಗಲಿ, ಕೈಗೆ ಕಟ್ಟಿದ ವಾಚ್ ಆಗಲಿ ವೇಗ, ಏರು, ಕಾಲಿನ ಚಲನೆ, ನೀವು ಟೈಪ್ ಮಾಡಿದ ದೇಹತೂಕ ಇವಿಷ್ಟನ್ನು ಸೂತ್ರಕ್ಕೆ ಹಾಕಿ ಒಂದು ಸಂಖ್ಯೆ ತೆಗೆಯುತ್ತವೆ. ಆ ಸಂಖ್ಯೆ ನಿಜವೋ ಸುಳ್ಳೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಇವತ್ತಿನ 220 ವ್ಯಾಟ್ ನಾಳೆಯೂ ಅದೇ ಶ್ರಮಕ್ಕೆ 220 ಎಂದೇ ಬರುತ್ತದಾ ಎಂಬುದೊಂದೇ ಕೇಳಬೇಕಾದ ಪ್ರಶ್ನೆ.

ಹೋಲಿಕೆಗೆ ನಾಲ್ಕು ದಾರಿ ಇಟ್ಟುಕೊಳ್ಳೋಣ. ಬರೀ ಪೇಸ್, ಅಂದರೆ ಕಿ.ಮೀ.ಗೆ ಎಷ್ಟು ನಿಮಿಷ ಎಂದು ನೋಡಿ ಓಡುವುದು. ಎದೆಪಟ್ಟಿ ಕಟ್ಟಿ ಹಾರ್ಟ್ ರೇಟ್ ನೋಡುವುದು. ವಾಚೇ ಕೊಡುವ ಪವರ್. ಕೊನೆಗೆ ಶೂ ಲೇಸಿಗೆ ಸಿಕ್ಕಿಸುವ, ಸ್ಟ್ರೈಡ್ (Stryd) ಎಂಬ ಕಂಪನಿಯ ಪಾಡ್. ಪೋಲಾರ್ 2018ರ ವಾಂಟೇಜ್ ವಿ ವಾಚಿನಲ್ಲೇ ಪವರ್ ತಂದಿತು. ಆಪಲ್ 2022ರಲ್ಲಿ ವಾಚ್ ಓಎಸ್ 9ರ ಜೊತೆ ಕೊಟ್ಟಿತು. ಗಾರ್ಮಿನ್‌ಗೆ ಮೊದಲು ಎದೆಪಟ್ಟಿಯೋ ಸೊಂಟದ ಪಾಡೋ ಬೇಕಿತ್ತು. ಫೋರ್‌ರನ್ನರ್ 255, 955 ಮುಂತಾದವುಗಳಲ್ಲಿ ಈಗ ಮಣಿಕಟ್ಟಿನಿಂದಲೇ ಬರುತ್ತದೆ. ಹಾಗಾಗಿ ಎಷ್ಟೋ ಜನರ ಕೈಯಲ್ಲಿ ಪವರ್ ಮೀಟರ್ ಆಗಲೇ ಇದೆ. ಸ್ಕ್ರೀನ್ ಸೆಟ್ಟಿಂಗ್‌ನಲ್ಲಿ ಆ ಫೀಲ್ಡ್ ಹಾಕಿಕೊಂಡಿಲ್ಲ, ಅಷ್ಟೆ.

ಮೊದಲು ಸಮತಟ್ಟು ರಸ್ತೆ ನೋಡಿ. ಸ್ಟ್ರೈಡ್ ಲೆಕ್ಕದಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ, ಒಂದು ಕೆ.ಜಿ. ತೂಕಕ್ಕೆ, ಒಂದು ವ್ಯಾಟ್‌ಗಿಂತ ಚೂರು ಹೆಚ್ಚು ಬೀಳುತ್ತದೆ. 65 ಕೆ.ಜಿ.ಯವರು ಕಿ.ಮೀ.ಗೆ 6:00ರಲ್ಲಿ ಓಡಿದರೆ ಸುಮಾರು 188 ವ್ಯಾಟ್, 5:00ರಲ್ಲಿ ಓಡಿದರೆ ಸುಮಾರು 225. ಗಾಳಿ ಇಲ್ಲದ ದಿನ, ಏರಿಳಿತವಿಲ್ಲದ ದಾರಿಯಲ್ಲಿ ವ್ಯಾಟ್ ಎಂದರೆ ಪೇಸಿಗೇ ಬೇರೆ ಅಂಗಿ ತೊಡಿಸಿದ ಹಾಗೆ. ಕಂಠೀರವ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವವರಿಗೆ ಲ್ಯಾಪ್ ಬಟನ್ ಇರುವ ಅಗ್ಗದ ವಾಚೇ ಸಾಕು. ಸುತ್ತಿಗೆ 2:00 ಬಂದರೆ ಕಿ.ಮೀ.ಗೆ 5:00, ಇದಕ್ಕಿಂತ ನಿಖರ ಬೇರೆ ಯಾವ ಸೆನ್ಸರೂ ಹೇಳುವುದಿಲ್ಲ. ಅಲ್ಲಿ ವ್ಯಾಟ್ ನೋಡುವವರು ದುಡ್ಡು ಕೊಟ್ಟು ಗೊಂದಲ ಕೊಂಡಂತೆ.

ಏರು ಬಂದಾಗ ಆಟ ಬದಲಾಗುತ್ತದೆ. ನಂದಿ ಬೆಟ್ಟದ ರಸ್ತೆಯನ್ನೇ ತೆಗೆದುಕೊಳ್ಳಿ: ಕಿಲೋಮೀಟರುಗಟ್ಟಲೆ ಬಿಡುವಿಲ್ಲದ ಏರು, ನಡುನಡುವೆ ಕಡಿದಾದ ತಿರುವುಗಳು. ಒಬ್ಬ ಓಟಗಾರರ ಕ್ರಿಟಿಕಲ್ ಪವರ್, ಅಂದರೆ ಹೆಚ್ಚು ಹೊತ್ತು ತಡೆದುಕೊಳ್ಳಬಲ್ಲ ಮಿತಿ, 232 ವ್ಯಾಟ್ ಎಂದಿಟ್ಟುಕೊಳ್ಳೋಣ. ತೂಕ ಅದೇ 65 ಕೆ.ಜಿ. 220 ವ್ಯಾಟ್‌ನಲ್ಲಿ ಹತ್ತಬೇಕು ಎಂದು ತೀರ್ಮಾನಿಸಿದರೆ ಸಮತಟ್ಟಿನಲ್ಲಿ ಅದು ಕಿ.ಮೀ.ಗೆ 5:07ರ ಪೇಸ್. ಶೇ 5ರ ಏರಿನಲ್ಲಿ ಅದೇ ಶ್ರಮಕ್ಕೆ ಪೇಸ್ 6:15–6:40ರ ಆಸುಪಾಸಿಗೆ ಇಳಿಯಬೇಕು. ಶೇ 10ರ ತಿರುವಿನಲ್ಲಿ ಏಳೂವರೆಯಿಂದ ಎಂಟೂವರೆ ನಿಮಿಷ.

ಪೇಸ್ ಮಾತ್ರ ನೋಡುವವರು ಇಲ್ಲಿ ಮಾಡುವ ತಪ್ಪು ಒಂದೇ ಬಗೆಯದು. ‘ಏರಲ್ವಾ, ಅರ್ಧ ನಿಮಿಷ ನಿಧಾನ ಮಾಡಿದರೆ ಆಯಿತು’ ಎಂದು 5:40 ಹಿಡಿಯುತ್ತಾರೆ. ಶೇ 5ರಲ್ಲಿ 5:40 ಎಂದರೆ 243ರಿಂದ 259 ವ್ಯಾಟ್, ಅಂದರೆ ಮಿತಿಗಿಂತ ಹನ್ನೊಂದರಿಂದ ಇಪ್ಪತ್ತೇಳು ವ್ಯಾಟ್ ಮೇಲೆ. ಮಿತಿಯ ಮೇಲಿನ ಖರ್ಚಿಗೆ ಮೈಯಲ್ಲಿರುವ ದಾಸ್ತಾನು ಸಣ್ಣದು. ಈ ಓಟಗಾರರಿಗೆ ಅದು 6,750 ಜೂಲ್ ಇದ್ದರೆ ನಾಲ್ಕರಿಂದ ಹತ್ತು ನಿಮಿಷದೊಳಗೆ ಖಾಲಿ. ಆಮೇಲೆ ಏದುಸಿರು, ನಡಿಗೆ.

ಎದೆಪಟ್ಟಿ ಕಟ್ಟಿದವರಿಗೂ ಮೊದಲ ತಿರುವಿನಲ್ಲಿ ನೆರವು ಸಿಗುವುದಿಲ್ಲ. ಹಾರ್ಟ್ ರೇಟ್ ಶ್ರಮದ ಹಿಂದೆ ಒಂದೆರಡು ನಿಮಿಷ ತಡವಾಗಿ ಬರುತ್ತದೆ. ಅದು 170 ತೋರಿಸುವಷ್ಟರಲ್ಲಿ ಆಗಬೇಕಾದ ಅನಾಹುತ ಆಗಿರುತ್ತದೆ. ವಾಚಿನ ಪವರ್ ತಿಳಿಸುತ್ತದೆ, ಆದರೆ ತೂಕಡಿಸುತ್ತಾ. ಅದು ಜಿಪಿಎಸ್ ವೇಗವನ್ನೂ ಬ್ಯಾರೋಮೀಟರ್ ಎತ್ತರವನ್ನೂ ಸರಾಸರಿ ಮಾಡಿ ಏರು ಎಷ್ಟೆಂದು ಅಂದಾಜಿಸುವುದರಿಂದ ತಿರುವು ಶುರುವಾಗಿ ಎಷ್ಟೋ ಸೆಕೆಂಡ್ ಕಳೆದ ಮೇಲೆ ಸಂಖ್ಯೆ ಏರುತ್ತದೆ. ಪಾಡ್ ಕೆಲವೇ ಹೆಜ್ಜೆಗಳಲ್ಲಿ ಹೇಳಿಬಿಡುತ್ತದೆ. ಉದ್ದನೆಯ ಒಂದೇ ಸಮನಾದ ಏರಿಗೆ ವಾಚ್ ನಡೆಯುತ್ತದೆ. 30 ಸೆಕೆಂಡಿನ ಹಿಲ್ ರಿಪೀಟ್‌ಗೆ, ಅಂದರೆ ಒಂದೇ ಏರನ್ನು ಮತ್ತೆ ಮತ್ತೆ ಜೋರಾಗಿ ಹತ್ತುವ ಅಭ್ಯಾಸಕ್ಕೆ ನಡೆಯುವುದಿಲ್ಲ.

ಮರದ ನೆರಳಿನಲ್ಲೂ ಇದೇ ವ್ಯತ್ಯಾಸ. ಕಬ್ಬನ್ ಪಾರ್ಕಿನ ಬಿದಿರು ಮೆಳೆಗಳ ಪಕ್ಕ, ಮೆಟ್ರೊ ಸೇತುವೆಯ ಕೆಳಗೆ ಜಿಪಿಎಸ್ ಪೇಸ್ ಕುಣಿಯುತ್ತದೆ. ಪೇಸ್ ಕುಣಿದರೆ ಅದನ್ನು ನಂಬಿದ ವ್ಯಾಟೂ ಕುಣಿಯುತ್ತದೆ. ಪಾಡ್‌ಗೆ ಉಪಗ್ರಹದ ಹಂಗಿಲ್ಲ, ಕಾಲಿನ ಚಲನೆಯಿಂದಲೇ ವೇಗ ತಿಳಿಯುತ್ತದೆ. ನಮ್ಮನ್ನು ಕೇಳಿದರೆ ಸ್ಟ್ರೈಡ್ ಕೊಳ್ಳಲು ಒಳ್ಳೆಯ ಕಾರಣ ವ್ಯಾಟ್ ಅಲ್ಲವೇ ಅಲ್ಲ, ಈ ಪೇಸ್. ನಿಮಿಷ ನಿಮಿಷಕ್ಕೂ ನಂಬಬಹುದಾದ ಪೇಸ್ ಸಿಗುತ್ತದೆ, ವ್ಯಾಟ್ ಅದರ ಜೊತೆಗೆ ಬಂದ ಕೊಸರು.

ಗಾಳಿಯ ಬಗ್ಗೆ ಒಂದು ಎಚ್ಚರಿಕೆ. 2019ರಿಂದ ಈಚಿನ ಸ್ಟ್ರೈಡ್ ಪಾಡ್‌ನಲ್ಲಿ ಗಾಳಿಯನ್ನು ಗುರುತಿಸುವ ಸೆನ್ಸರ್ ಇದೆ. ಎದುರುಗಾಳಿ ಬಂದರೆ ವ್ಯಾಟ್ ಏರುತ್ತದೆ. ಗಾರ್ಮಿನ್ ಅದೇ ಕೆಲಸವನ್ನು ಫೋನಿನಿಂದ ಬರುವ ಹವಾಮಾನ ಮಾಹಿತಿಯ ಮೇಲೆ ಮಾಡುತ್ತದೆ. ಊರಿಗೆಲ್ಲ ಒಂದೇ ಗಾಳಿ ಎಂದು ಹಿಡಿದರೆ ಎರಡೂ ಕಡೆ ಕಟ್ಟಡವಿರುವ ರಸ್ತೆಯಲ್ಲಿ ಇಲ್ಲದ ಗಾಳಿಗೂ ವ್ಯಾಟ್ ಸೇರುತ್ತದೆ. ಪೇಟೆಯೊಳಗೆ ಓಡುವವರು ರನ್ನಿಂಗ್ ಪವರ್ ಸೆಟ್ಟಿಂಗ್‌ಗೆ ಹೋಗಿ ಗಾಳಿಯ ಲೆಕ್ಕವನ್ನು ಆಫ್ ಮಾಡಿಟ್ಟರೆ ಸಂಖ್ಯೆ ಹೆಚ್ಚು ಸ್ಥಿರವಾಗಿರುತ್ತದೆ.

ಇನ್ನು ಸೆಕೆ. ಏಪ್ರಿಲ್ ತಿಂಗಳ ಮಂಗಳೂರಿನಲ್ಲೋ ಬಳ್ಳಾರಿಯಲ್ಲೋ ಬೆಳಗ್ಗೆ ಏಳೂವರೆಗೆ ಇನ್ನೂ ರಸ್ತೆಯಲ್ಲಿದ್ದರೆ ಪವರ್ ಮೀಟರ್ ನಿಮ್ಮನ್ನು ಕೈಬಿಡುತ್ತದೆ. 200 ವ್ಯಾಟ್ 200 ವ್ಯಾಟ್ ಆಗಿಯೇ ಇರುತ್ತದೆ. ಹಾರ್ಟ್ ರೇಟ್ ಮಾತ್ರ ಹತ್ತು ಹದಿನೈದು ಬಡಿತ ಮೇಲೇರಿರುತ್ತದೆ. ಮೈ ಕೊಡುತ್ತಿರುವ ಬೆಲೆ ಗೊತ್ತಿರುವುದು ಎದೆಪಟ್ಟಿಗೆ. ನಿದ್ದೆಗೆಟ್ಟ ದಿನ, ಜ್ವರ ಬಿಟ್ಟ ವಾರ, ನೀರು ಸಾಲದ ಓಟ ಇವೆಲ್ಲಕ್ಕೂ ಇದೇ ಮಾತು. ಎರಡನ್ನೂ ಸೇರಿಸಿದರೆ ಒಂದು ಒಳ್ಳೆಯ ಪರೀಕ್ಷೆ ಸಿಗುತ್ತದೆ. ಲಾಂಗ್ ರನ್ನಿನ ಮೊದಲರ್ಧ 200 ವ್ಯಾಟ್, ಸರಾಸರಿ ಬಡಿತ 145. ಎರಡನೇ ಅರ್ಧ 200 ವ್ಯಾಟ್, ಬಡಿತ 154 ಎಂದುಕೊಳ್ಳಿ. ವ್ಯಾಟನ್ನು ಬಡಿತದಿಂದ ಭಾಗಿಸಿದರೆ 1.38 ಮತ್ತು 1.30, ಕುಸಿತ ಸುಮಾರು ಶೇ 6. ತಂಪು ಬೆಳಗಿನಲ್ಲಿ ಇದು ಶೇ 5ರೊಳಗೆ ಇದ್ದರೆ ದಮ್ಮಿನ ಬುನಾದಿ ಗಟ್ಟಿಯಾಗುತ್ತಿದೆ ಎಂದರ್ಥ. ಏರಿಳಿತದ ದಾರಿಯಲ್ಲಿ ಪೇಸ್ ಹಾಕಿ ಈ ಲೆಕ್ಕ ಮಾಡಲಾಗದು, ವ್ಯಾಟ್ ಬೇಕು. ದೊಡ್ಡ ಏರಿಳಿತವಿರುವ ಮಲೆನಾಡಿನವರಿಗೆ ಪಾಡ್ ದುಡ್ಡು ವಸೂಲಾಗುವುದು ಇಲ್ಲಿ.

ಪಾಡ್ ಮೋಸಹೋಗುವ ಜಾಗಗಳೂ ಇವೆ. ಪಣಂಬೂರಿನ ಸಡಿಲ ಮರಳಲ್ಲಿ ಓಡಿದರೆ ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಹೋಗುತ್ತದೆ. ಪಾಡ್‌ಗೆ ಕಾಣುವುದು ನಿಧಾನವಾದ ಕಾಲು ಮಾತ್ರ, ಹಾಗಾಗಿ ವ್ಯಾಟ್ ಕಡಿಮೆ ಹೇಳುತ್ತದೆ. ಕಾಫಿ ತೋಟದ ಕೆಸರು ದಾರಿಯಲ್ಲೂ ಹಾಗೇ. ಶ್ರಮ ಉಳಿಸುವ ಕಾರ್ಬನ್ ಪ್ಲೇಟ್ ಶೂ ಹಾಕಿದರೆ ಅದೇ ಪೇಸಿಗೆ ವ್ಯಾಟ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಉಳಿತಾಯವಾಗಿದ್ದು ಬಡಿತದಲ್ಲಿ ಗೊತ್ತಾಗುತ್ತದೆ. ಟ್ರೆಡ್‌ಮಿಲ್ಲಿನ ಏರನ್ನು ಹೆಚ್ಚಿಸಿದರೆ ಪಾಡ್‌ಗೆ ತಿಳಿಯದು, ನಿಜವಾದ ಎತ್ತರ ಬದಲಾಗಿಲ್ಲವಲ್ಲ. ಎಲ್ಲಕ್ಕಿಂತ ಅಪಾಯದ್ದು ಇಳಿಯುವಾಗ. ಇಳಿಜಾರಿನಲ್ಲಿ ವ್ಯಾಟ್ ಬೀಳುತ್ತದೆ. ಅದನ್ನು 220ಕ್ಕೇ ಎತ್ತಿ ಹಿಡಿಯಲು ಹೊರಟರೆ ತೊಡೆಯ ಮುಂಭಾಗ ಎರಡು ದಿನ ಮೆಟ್ಟಿಲು ಇಳಿಯಗೊಡುವುದಿಲ್ಲ. ಇಳಿಯುವಾಗ ಸ್ಕ್ರೀನ್ ನೋಡಬೇಡಿ.

ಪಾಡ್ ಜೊತೆಗೆ ಬರುವ ಫಾರ್ಮ್ ಪವರ್, ಲೆಗ್ ಸ್ಪ್ರಿಂಗ್ ಇತ್ಯಾದಿ ಸಂಖ್ಯೆಗಳು ನೋಡಲು ಚೆಂದ. ಅವುಗಳಿಗಾಗಿ ಕೊಳ್ಳಬೇಡಿ.

ಕೊಳ್ಳುವ ಮುಂಚೆ ಮೂರು ವಾರದ ಪರೀಕ್ಷೆ ಮಾಡಬಹುದು, ಕೈಯಲ್ಲಿರುವ ವಾಚಿನ ಪವರ್‌ನಲ್ಲಿ ಅಥವಾ ಗೆಳೆಯರ ಪಾಡ್ ಎರವಲು ತಂದು. ಟ್ರ್ಯಾಕಿನ ಒಳಗಿನ ಲೇನಿನಲ್ಲಿ ಅದೇ ಶೂ ಹಾಕಿ, ಸುತ್ತಿಗೆ 2:24, 2:12, 2:00 ಹೀಗೆ ಮೂರು ವೇಗದಲ್ಲಿ ನಾಲ್ಕು ನಾಲ್ಕು ಸುತ್ತು ಓಡಿ, ಪ್ರತಿ ನಾಲ್ಕಕ್ಕೊಮ್ಮೆ ಲ್ಯಾಪ್ ಒತ್ತಿ. ವಾರ ಬಿಟ್ಟು ಮತ್ತೆ ಮಾಡಿ. ಅದೇ ವೇಗಕ್ಕೆ ಎರಡು ದಿನದ ಸರಾಸರಿ ವ್ಯಾಟ್ ಶೇ 2–3ರೊಳಗೆ ಕೂಡಿಬಂದರೆ ಆ ಸಾಧನ ತರಬೇತಿಗೆ ಆಗುತ್ತದೆ. ಅದಕ್ಕಿಂತ ದೂರ ಹೋದರೆ ಆಗುವುದಿಲ್ಲ. ಮೂರನೇ ವಾರ ಒಂದು ಏರಿನಲ್ಲಿ ಸ್ಕ್ರೀನ್ ಮುಚ್ಚಿ, ಒಂದೇ ಸಮನಾದ ದಮ್ಮಿನಲ್ಲಿ ಹತ್ತಿ. ಮನೆಗೆ ಬಂದು ಗ್ರಾಫ್ ನೋಡಿ. ನಿಮ್ಮ ಅನಿಸಿಕೆ ಒಂದೇ ಸಮ ಇದ್ದು ವ್ಯಾಟ್ ಗೆರೆಯೂ ಹೆಚ್ಚುಕಡಿಮೆ ಚಪ್ಪಟೆಯಾಗಿದ್ದರೆ ನಿಮ್ಮ ದಮ್ಮೇ ಒಳ್ಳೆಯ ಮೀಟರು, ಪಾಡ್ ಬೇಕಿಲ್ಲ. ಮೊದಲ ಎರಡು ನಿಮಿಷ ಗೆರೆ ಗೋಪುರದಂತೆ ಎದ್ದಿದ್ದರೆ ಪಾಡ್ ನಿಮಗೆ ಉಪಯೋಗಕ್ಕೆ ಬರುತ್ತದೆ.

ಕೊಂಡ ಮೇಲೆ ಕೆಡುವುದು ಸಾಮಾನ್ಯವಾಗಿ ಹೀಗೆ. ತೂಕ: ವಾಚ್‌ನಲ್ಲಿ 68 ಇದ್ದು ನೀವು 65 ಇದ್ದರೆ ವ್ಯಾಟ್ ಶೇ 4–5 ಹೆಚ್ಚು ಬರುತ್ತದೆ. ಒಮ್ಮೆ ಸರಿಯಾಗಿ ಹಾಕಿ, ಆಮೇಲೆ ದಿನಾ ತೂಕ ನೋಡಿ ತಿದ್ದುತ್ತಾ ಕೂರಬೇಡಿ, ಹಳೆಯ ಓಟಗಳ ಹೋಲಿಕೆ ಕೆಡುತ್ತದೆ. ಕ್ಲಿಪ್: ಲೇಸಿನ ಒಂದೇ ಎಳೆಗೆ ಸಿಕ್ಕಿಸಿದರೆ ಪಾಡ್ ಅಲ್ಲಾಡುತ್ತದೆ. ಎರಡು ಎಳೆಯ ಕೆಳಗೆ ತೂರಿಸಿ, ಬೆರಳಿನಿಂದ ತಳ್ಳಿದರೆ ಕದಲದಂತೆ ಇರಲಿ. ಪೇರಿಂಗ್: ಗಾರ್ಮಿನ್‌ನಲ್ಲಿ ಸ್ಟ್ರೈಡನ್ನು ಫುಟ್ ಪಾಡ್ ಆಗಿ ಸೇರಿಸಿ, ಸ್ಪೀಡ್ ಮತ್ತು ಡಿಸ್ಟೆನ್ಸ್ ಎರಡಕ್ಕೂ ‘ಆಲ್ವೇಸ್’ ಕೊಟ್ಟು, ಕ್ಯಾಲಿಬ್ರೇಷನ್ 100ರಲ್ಲಿಟ್ಟು ಆಟೊ ಕ್ಯಾಲಿಬ್ರೇಷನ್ ಆಫ್ ಮಾಡಬೇಕು. ಇಲ್ಲದಿದ್ದರೆ ಪಾಡ್ ಶೂ ಮೇಲಿದ್ದರೂ ವಾಚ್ ಜಿಪಿಎಸ್ ಪೇಸನ್ನೇ ತೋರಿಸುತ್ತಿರುತ್ತದೆ.

ದೊಡ್ಡ ಗೊಂದಲ ಇನ್ನೊಂದಿದೆ. ಗಾರ್ಮಿನ್‌ನ ಸ್ವಂತ ಪವರ್ ಮತ್ತು ಸ್ಟ್ರೈಡ್ ಪವರ್ ಬೇರೆ ಬೇರೆ ಸೂತ್ರ, ಗಾರ್ಮಿನ್ ಸಂಖ್ಯೆ ಸಾಮಾನ್ಯವಾಗಿ ಸಾಕಷ್ಟು ದೊಡ್ಡದು. ಸ್ಟ್ರೈಡ್ ಸಂಖ್ಯೆ ಬೇಕೆಂದರೆ ಅದರದೇ ಡೇಟಾ ಫೀಲ್ಡ್ ಹಾಕಿಕೊಳ್ಳಬೇಕು. ಸ್ಟ್ರೈಡ್‌ನಲ್ಲಿ ತೆಗೆದ ಕ್ರಿಟಿಕಲ್ ಪವರ್ ಮಿತಿಯನ್ನು ಗಾರ್ಮಿನ್ ವರ್ಕೌಟ್‌ನೊಳಗೆ ಟಾರ್ಗೆಟ್ ಆಗಿ ಹಾಕಿದರೆ ವಾಚ್ ಓಟದುದ್ದಕ್ಕೂ ‘ಜಾಸ್ತಿಯಾಯಿತು, ನಿಧಾನ’ ಎಂದು ಕೂಗುತ್ತದೆ. ಕೋರೋಸ್, ಸುಂಟೊ, ಪೋಲಾರ್ ವಾಚುಗಳಲ್ಲಿ ಪಾಡನ್ನೇ ನೇರವಾಗಿ ಪವರ್ ಮೂಲವಾಗಿ ಜೋಡಿಸಬಹುದು, ಈ ತಲೆನೋವಿಲ್ಲ.

ಮಿತಿ ತೆಗೆಯುವುದು ಹೀಗೆ. 20 ನಿಮಿಷ ಮೈ ಬಿಸಿ ಮಾಡಿ, 3 ನಿಮಿಷ ಕೈಲಾದಷ್ಟೂ ಜೋರು, ಅರ್ಧ ಗಂಟೆ ನಡಿಗೆ ಮತ್ತು ಹಗುರ ಓಟ, ಆಮೇಲೆ 9 ನಿಮಿಷ ಕೈಲಾದಷ್ಟೂ ಜೋರು. ಮೂರು ನಿಮಿಷಕ್ಕೆ 270, ಒಂಬತ್ತಕ್ಕೆ 245 ಬಂತೆನ್ನಿ. 245ನ್ನು 540 ಸೆಕೆಂಡಿನಿಂದ ಗುಣಿಸಿ, ಅದರಿಂದ 270 ಗುಣಿಸು 180 ಕಳೆದು, 360ರಿಂದ ಭಾಗಿಸಿದರೆ 232.5 ವ್ಯಾಟ್. ಹಾಫ್ ಮ್ಯಾರಥಾನಿಗೆ ಇದರ ಶೇ 93ರ ಆಸುಪಾಸು ಹಿಡಿದರೆ 216, 65 ಕೆ.ಜಿ.ಯವರಿಗೆ ಸಮತಟ್ಟಿನಲ್ಲಿ ಅದು ಕಿ.ಮೀ.ಗೆ 5:13, ಒಟ್ಟು ಒಂದು ಗಂಟೆ ಐವತ್ತು ನಿಮಿಷ. ಮೂರು ನಿಮಿಷದ ಓಟದಲ್ಲಿ ಮೊದಲ ಮೂವತ್ತು ಸೆಕೆಂಡಿಗೇ ಹಾರಿದರೆ ಲೆಕ್ಕ ಹಾಳು. ಒಂಬತ್ತರಲ್ಲಿ ಹೆದರಿ ಓಡಿದರೆ ಮಿತಿ ಇದ್ದದ್ದಕ್ಕಿಂತ ಕೆಳಗೆ ಬೀಳುತ್ತದೆ.

ದುಡ್ಡಿನ ಸರದಿ ಹೇಳುವುದಾದರೆ ಮೊದಲು ಎದೆಪಟ್ಟಿ. ಎರಡನೆಯದು ವಾಚಿನಲ್ಲಿ ಪುಕ್ಕಟೆ ಸಿಗುವ ಪವರ್, ಅದನ್ನು ಮೂರು ವಾರ ಗಂಭೀರವಾಗಿ ಬಳಸಿ ನೋಡುವುದು. ಪಾಡ್ ಮೂರನೆಯದು. ಇನ್ನೂರು ಡಾಲರ್ ದಾಟುವ ಬೆಲೆಗೆ ಹೊರದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ ಸೇರಿ ಅದೇ ದುಡ್ಡಿಗೆ ಎರಡು ಜೊತೆ ಒಳ್ಳೆಯ ಶೂ ಬರುತ್ತದೆ. ಏರಿನ ಊರಿನವರು, ಬೆಟ್ಟದ ರೇಸಿಗೆ ತಯಾರಾಗುವವರು, ಜಿಪಿಎಸ್ ಕೈಕೊಡುವ ದಾರಿಯಲ್ಲಿ ಇಂಟರ್ವಲ್ (ಒಮ್ಮೆ ಜೋರು, ಒಮ್ಮೆ ನಿಧಾನ ಓಟ) ಮಾಡುವವರು ಯೋಚಿಸಬಹುದು. ಮಿತಿ ಆರೆಂಟು ವಾರಕ್ಕೊಮ್ಮೆ ಬದಲಾಗುತ್ತದೆ, ಮತ್ತೆ ಮತ್ತೆ ಆ 3 ಮತ್ತು 9 ನಿಮಿಷ ಓಡಬೇಕು. ಅದಕ್ಕೆ ಮನಸ್ಸಿಲ್ಲದವರು ಪಾಡ್ ಕೊಳ್ಳುವುದು ಬೇಡ.